ಕಪ್ಪು ಗೆರೆ ಏನು ಹೇಳುತ್ತೆ, ಮೇಡಂ?

ಕೇಳಿದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಕೆಳಗಿನ ಮುಂದಿನ ಹಲ್ಲು ಅಲ್ಲಾಡುತ್ತಿದೆ ಅಂತ ಬಂದಿದ್ದರು. ನಾನು ಅವರ ಎದುರಿಗೇ, ಆವಿಯಲ್ಲಿ ಬಿಸಿ ಮಾಡಿ ತೆಗೆದ ಪೌಚ್ ಹರಿದು ಪ್ರೋಬ್ (ವಸಡಿನ ಸಂದಿನ ಆಳ ಅಳೆಯುವ ಗೆರೆ ಕಡ್ಡಿ), ಕನ್ನಡಿ, ಟ್ವೀಜರ್ ತೆಗೆದು ಟ್ರೇ ಮೇಲೆ ಇಡುತ್ತಿದ್ದೆ. ಹಾಗೆ ಎದುರಿಗೇ ಹರಿಯುವುದು ನನ್ನ ಅಭ್ಯಾಸ. ಅದರಲ್ಲಿ ಸ್ವಲ್ಪ ಶೋಕಿಯೂ ಇದೆ ಅನ್ನಿ. ಪೌಚಿನ ಬಾಯಿಗೆ ಅಂಟಿಸಿದ ಟೇಪಿನ ಮೇಲೆ ಓರೆ ಓರೆಯಾಗಿ ಕಪ್ಪು ಗೆರೆ ಮೂಡಿದ್ದವು. ಮೇಷ್ಟ್ರ ಕಣ್ಣು ಅಲ್ಲೇ ನಿಂತಿತು.

"ಎಲ್ಲಾ ಕ್ಲೀನ್ ಆಗಿದೆ ಅಂತ ಹೇಳುತ್ತೆ ಸರ್," ಅಂದೆ.

ಅವರು ತಲೆಯಾಡಿಸಿ ಬಾಯಿ ತೆರೆದರು.

ಆ ಉತ್ತರ ತಪ್ಪು. ತಪ್ಪು ಅಂತ ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೂ ಪಾವಗಡದಲ್ಲಿ ಕ್ಲಿನಿಕ್ ತೆರೆದು ಹನ್ನೊಂದು ವರ್ಷ ಆಯಿತು, ಕೇಳಿದವರಿಗೆಲ್ಲಾ ಇದನ್ನೇ ಹೇಳುತ್ತಾ ಬಂದಿದ್ದೆ. ಟೇಪಿನ ಗೆರೆ ಹೇಳುವುದು ಒಂದೇ ಮಾತು: ಈ ಪೌಚಿಗೆ ಬಿಸಿ ತಾಗಿದೆ. ಒಳಗಿನ ಸಾಮಾನಿಗೆ ಎಷ್ಟು ತಾಗಿತು, ಎಷ್ಟು ಹೊತ್ತು ತಾಗಿತು, ಅದಕ್ಕೆ ಗೊತ್ತಿಲ್ಲ. ಕುಕ್ಕರ್ ಕೂಗಿತು ಅಂದ ಮಾತ್ರಕ್ಕೆ ಒಳಗಿನ ಕಾಳು ಬೆಂದಿದೆ ಅಂತ ಯಾವ ಅಮ್ಮನೂ ನಂಬಲ್ಲ, ಮುಚ್ಚಳ ತೆಗೆದು ಒಂದು ಕಾಳು ಹಿಸುಕಿ ನೋಡ್ತಾಳೆ. ನಾನು ಹಿಸುಕಿ ನೋಡಿರಲಿಲ್ಲ.

ಅದು ಆಮೇಲಿನ ಕಥೆ. ಮೊದಲು ಮೇಷ್ಟ್ರ ಬಾಯಿ.

ವಸಡಿನ ಕಾಯಿಲೆ ಅಂದರೆ ಮೊದಲು ಅಳತೆ ತೆಗೆಯಬೇಕು. ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತೆ. ಆರೋಗ್ಯವಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಇಳಿದರೆ ಅದನ್ನು ಪಾಕೆಟ್ ಅನ್ನುತ್ತೇವೆ. ಒಂದು ಹಲ್ಲಿಗೆ ಆರು ಕಡೆ ಅಳೆಯಬೇಕು, ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಮೂರು. 28 ಹಲ್ಲು ಇದ್ದರೆ 168 ಅಂಕಿ. ನಾನು ಕೂಗುತ್ತಾ ಹೋಗುತ್ತೇನೆ, ನಮ್ಮ ಕ್ಲಿನಿಕ್ಕಿನ ಅಕ್ಕ ಚಾರ್ಟಿನಲ್ಲಿ ಬರೆಯುತ್ತಾ ಹೋಗುತ್ತಾರೆ. "ಮೂರು, ಎರಡು, ಮೂರು. ಮೂರು, ಮೂರು, ಐದು." ಹೊರಗೆ ಕೂತವರಿಗೆ ಒಳಗೆ ಯಾರೋ ಮಗ್ಗಿ ಒಪ್ಪಿಸುತ್ತಿದ್ದಾರೆ ಅನ್ನಿಸಬಹುದು.

ಮೇಷ್ಟ್ರ ಅಲ್ಲಾಡುವ ಹಲ್ಲಿನ ಹತ್ತಿರ ಬಂದಾಗ "ಏಳು" ಅಂದೆ. ಅವರು ಕೈ ಎತ್ತಿ ನಿಲ್ಲಿಸಿದರು. ಬಾಯಿ ಮುಕ್ಕಳಿಸಿ, "ಆ ಕಡ್ಡಿ ಒಂದ್ಸಲ ತೋರಿಸಿ" ಅಂದರು. ದೀಪದ ಕೆಳಗೆ ಹಿಡಿದು ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ಎಣಿಸಿದರು.

"ಒಂದು, ಎರಡು, ಮೂರು... ನಾಲ್ಕೆಲ್ಲಿ?"

ಹಿಡಿದುಬಿಟ್ಟರು! ವಿಲಿಯಮ್ಸ್ ಪ್ರೋಬಿನಲ್ಲಿ ನಾಲ್ಕು ಇಲ್ಲ, ಆರೂ ಇಲ್ಲ. 1, 2, 3, 5, 7, 8, 9, 10, ಅಷ್ಟೇ ಗೆರೆ. ಎಲ್ಲಾ ಗೆರೆ ಹಾಕಿದರೆ ರಕ್ತ, ಎಂಜಲಿನ ನಡುವೆ ಯಾವುದು ಯಾವುದು ಅಂತ ಕಣ್ಣಿಗೆ ಗೊಂದಲ ಆಗುತ್ತೆ. ಎರಡು ಕಡೆ ಜಾಗ ಖಾಲಿ ಬಿಟ್ಟರೆ ಕಣ್ಣು ಅದನ್ನೇ ಗುರುತು ಮಾಡಿಕೊಳ್ಳುತ್ತೆ. ನಾಲ್ಕು ಬೇಕಾದರೆ ಮೂರಕ್ಕೂ ಐದಕ್ಕೂ ನಡುವೆ ಅಂದಾಜು ಮಾಡಬೇಕು. ಇದನ್ನು ಹೇಳಿದಾಗ ಮೇಷ್ಟ್ರಿಗೆ ಅಷ್ಟು ಸಮಾಧಾನ ಆಗಲಿಲ್ಲ. "ಸ್ಕೇಲಿನಲ್ಲಿ ಅಂದಾಜಾ?" ಅಂದರು. ನಮ್ಮಲ್ಲಿ ಬೇರೆ ಪ್ರೋಬುಗಳೂ ಇವೆ. ಡಬ್ಲ್ಯುಎಚ್‌ಒ ಪ್ರೋಬಿನ ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು, ಆಮೇಲೆ 3.5ರಿಂದ 5.5ರವರೆಗೆ ಒಂದು ಕಪ್ಪು ಪಟ್ಟಿ. ಶಿಬಿರಗಳಲ್ಲಿ ಅದು ಸಲೀಸು. ಪಟ್ಟಿ ಪೂರ್ತಿ ಕಂಡರೆ ಒಂದು ಸ್ಕೋರು, ಅರ್ಧ ಮುಳುಗಿದರೆ ಇನ್ನೊಂದು. ಯುಎನ್‌ಸಿ ಪ್ರೋಬಿನಲ್ಲಿ 15ರವರೆಗೂ ಒಂದೊಂದು ಮಿಲಿಮೀಟರಿಗೂ ಗೆರೆ ಇದೆ. ನನ್ನ ಕೈ ಕಾಲೇಜಿನಿಂದ ಪಳಗಿರುವುದು ವಿಲಿಯಮ್ಸಿಗೆ.

ಅವತ್ತು ರಾತ್ರಿ ಅಂಗಡಿ ಮುಚ್ಚುವ ಮುಂಚೆ (ಕ್ಲಿನಿಕ್ಕನ್ನು ನಾವು ಮನೆಯಲ್ಲಿ ಅಂಗಡಿ ಅಂತಲೇ ಅನ್ನುವುದು) ಡ್ರಾಯರಿನಲ್ಲಿದ್ದ ಪ್ರೋಬುಗಳನ್ನೆಲ್ಲಾ ವರ್ನಿಯರ್ ಕ್ಯಾಲಿಪರ್ ಪಕ್ಕ ಸಾಲಾಗಿ ಇಟ್ಟೆ. ಮೇಷ್ಟ್ರು ತಲೆಯಲ್ಲಿ ಹುಳ ಬಿಟ್ಟು ಹೋಗಿದ್ದರಲ್ಲ. ಒಟ್ಟು ಏಳು ಇದ್ದವು. ಎರಡರಲ್ಲಿ ಗೆರೆ ಸವೆದು, ಬೆಳಕಿಗೆ ತಿರುಗಿಸಿದರೆ ಮಾತ್ರ ಕಾಣುತ್ತಿತ್ತು. ಸೆಟ್ಟಿನಲ್ಲಿ ಅಗ್ಗಕ್ಕೆ ಬಂದಿದ್ದ ಇನ್ನೊಂದರಲ್ಲಿ ಮೊದಲನೇ ಗೆರೆಯೇ ಅರ್ಧ ಮಿಲಿಮೀಟರ್ ಆಚೆ ಇತ್ತು. ಅರ್ಧ ಮಿಲಿಮೀಟರ್ ಏನು ಮಹಾ ಅಂತೀರಾ? ಪಾಕೆಟ್ ಮೂರಾ ನಾಲ್ಕಾ ಅನ್ನುವುದರ ಮೇಲೆ ನಾನು ಪೇಷೆಂಟಿಗೆ ಏನು ಹೇಳುತ್ತೇನೆ, ಎಷ್ಟು ಸಲ ಕರೆಸುತ್ತೇನೆ ಎಲ್ಲಾ ನಿಂತಿದೆ. ಆ ಮೂರನ್ನೂ ಗುಜರಿಗೆ ಹಾಕಿದೆ.

ಗೆರೆ ಸರಿ ಇದ್ದರೂ ಕೈ ಸರಿ ಇರಬೇಕು. ಪ್ರೋಬನ್ನು ಒತ್ತಬೇಕಾದ ಬಲ 20ರಿಂದ 25 ಗ್ರಾಂ. ಸುಮಾರು ಮೂರು ಹತ್ತು ರೂಪಾಯಿ ನಾಣ್ಯದ ತೂಕ, ನಮ್ಮೂರ ಅಂಗಡಿಯವರು ಇವತ್ತಿಗೂ ತಗೊಳ್ಳೋಕೆ ಒಲ್ಲೆ ಅನ್ನೋ ಅದೇ ನಾಣ್ಯ. ಜಾಸ್ತಿ ಒತ್ತಿದರೆ ಊದಿದ ವಸಡಿನಲ್ಲಿ ತುದಿ ತೂರಿ ಒಳಗೆ ಹೋಗುತ್ತೆ, ಇಲ್ಲದ ಆಳ ಇದೆ ಅಂತ ತೋರಿಸುತ್ತೆ. ಕಾಲೇಜಿನಲ್ಲಿ ಹೆಬ್ಬೆರಳಿನ ಉಗುರಿನ ಕೆಳಗೆ ತುದಿ ಇಟ್ಟು ನೋವಾಗದಷ್ಟು ಒತ್ತಿ ಅಭ್ಯಾಸ ಮಾಡಿಸುತ್ತಿದ್ದರು. ನನಗೆ ಅಷ್ಟಕ್ಕೇ ನೆಮ್ಮದಿ ಆಗಲಿಲ್ಲ. ಮಾರನೇ ದಿನ ಮಧ್ಯಾಹ್ನ ಎದುರುಗಡೆ ಚಿನ್ನದಂಗಡಿಗೆ ಹೋದೆ. ಅವರ ತಕ್ಕಡಿ ಮೇಲೆ ಪ್ರೋಬ್ ತುದಿ ಇಟ್ಟು, ಬಾಯಲ್ಲಿ ಒತ್ತುವಷ್ಟೇ ಒತ್ತಿದೆ. 46 ಗ್ರಾಂ. ಇನ್ನೊಂದ್ಸಲ, 41. ಅಂಗಡಿಯ ಅಣ್ಣ, "ಮೇಡಂ, ಚಿನ್ನ ಆಗಿದ್ರೆ ನಿಮಗೆ ಒಳ್ಳೇ ಲಾಭ" ಅಂತ ನಕ್ಕರು. ಹತ್ತು ನಿಮಿಷ ಅಲ್ಲೇ ನಿಂತು 25ಕ್ಕೆ ಕೈ ಇಳಿಸುವುದನ್ನು ಕಲಿತೆ. ಈಗಲೂ ತಿಂಗಳಿಗೊಂದು ಸಲ ಹೋಗುತ್ತೇನೆ. ಕೈ ತಾನಾಗೇ ಮೇಲೆ ಹೋಗಿರುತ್ತೆ, ಬಿಡಿ.

ಅದೇ ಸಮಯದಲ್ಲಿ, ಅಂದರೆ 2025ರಲ್ಲಿ, ವಾಣಿಯಂಬಾಡಿಯ ವಿಷಯ ಓದಿದ್ದು. ತಮಿಳುನಾಡಿನ ಊರು. 2023ರಲ್ಲಿ ಅಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರಿಗೆ ಮೆದುಳಿನ ಸೋಂಕು ತಗುಲಿ 8 ಜನ ತೀರಿಹೋಗಿದ್ದರು. ಮಣ್ಣು, ನೀರಿನಲ್ಲಿ ಇರುವ ಬ್ಯಾಕ್ಟೀರಿಯಾ. ವೆಲ್ಲೂರಿನ ಸಿಎಂಸಿ ಡಾಕ್ಟರುಗಳೂ ಸೇರಿ ಮಾಡಿದ ಅಧ್ಯಯನ ಬೆರಳು ತೋರಿಸಿದ್ದು ಒಂದು ಸಲೈನ್ ಬಾಟಲಿಯ ಕಡೆಗೆ. ವಸಡು ಬಿಡಿಸುವ ಎಲಿವೇಟರ್ ಅನ್ನುವ ಸಲಕರಣೆಯಿಂದಲೇ ಬಾಟಲಿ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಮತ್ತೆ ಬಳಸಿದ್ದರು. ಓದಿ ಕೈಕಾಲು ತಣ್ಣಗಾಯಿತು. ಯಾಕೆ ಅಂದರೆ, ಆತುರದಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಬಾಟಲಿ ತೆರೆದದ್ದು ನನಗೂ ನೆನಪಿದೆ. ಉಳಿದದ್ದನ್ನು "ನಾಳೆಗಾಗುತ್ತೆ" ಅಂತ ಎತ್ತಿಟ್ಟದ್ದೂ ನೆನಪಿದೆ. ಅಲ್ಲಿ ತಪ್ಪಿದ್ದು ಆಟೋಕ್ಲೇವ್ (ಆವಿಯಲ್ಲಿ ಸಾಮಾನಿನ ಕ್ರಿಮಿ ಕೊಲ್ಲುವ ಮಷೀನು) ಅಲ್ಲ, ನಿಜ. ಆದರೆ ನಾನು ನೋಡದೇ ನಂಬಿರುವುದು ಇನ್ನೇನೇನಿದೆ ಅಂತ ಪಟ್ಟಿ ಮಾಡಲು ಕೂತಾಗ ಮೊದಲು ಬಂದ ಹೆಸರು ಆಟೋಕ್ಲೇವಿನದೇ.

ಆಟೋಕ್ಲೇವ್ ನಿಜವಾಗಿ ಕ್ರಿಮಿ ಕೊಲ್ಲುತ್ತಾ ಅಂತ ನೋಡುವ ಸ್ಪೋರ್ ಟೆಸ್ಟ್ ಕಿಟ್ ತರಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತೆ. ವಾರಕ್ಕೊಂದು ಸಲ ಮಾಡಬೇಕು ಅಂತ ಪುಸ್ತಕದಲ್ಲಿದೆ.

ಸಣ್ಣ ಪ್ಲಾಸ್ಟಿಕ್ ಟ್ಯೂಬು, ಕಿರುಬೆರಳಿನ ಗಾತ್ರ. ಒಳಗೆ ಒಂದು ಕಾಗದದ ಚೂರಿನ ಮೇಲೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾದ ಸ್ಪೋರುಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ಅದರ ರೂಪ. ಹೆಸರಿನಷ್ಟೇ ಗಟ್ಟಿ ಜೀವ. ಆವಿಗೆ ಅಷ್ಟು ಸುಲಭವಾಗಿ ಸಾಯಲ್ಲ. ಅವು ಸತ್ತರೆ ಬಾಯಿಯಿಂದ ಬರುವ ಉಳಿದ ರೋಗಾಣುಗಳೂ ಸತ್ತಿವೆ ಅನ್ನುವ ಲೆಕ್ಕ. ಪಕ್ಕದಲ್ಲೇ ಗಾಜಿನ ಆಂಪೂಲಿನಲ್ಲಿ ನೇರಳೆ ಬಣ್ಣದ ದ್ರವ. ಟ್ಯೂಬನ್ನು ಪೌಚುಗಳ ನಟ್ಟನಡುವೆ ಇಟ್ಟು ಆಟೋಕ್ಲೇವ್ ಓಡಿಸಬೇಕು. ಹೊರಗೆ ತೆಗೆದು, ಆರಿದ ಮೇಲೆ ಟ್ಯೂಬನ್ನು ಅದುಮಿದರೆ ಆಂಪೂಲು ಟಿಕ್ ಅಂತ ಒಡೆದು ದ್ರವ ಸ್ಪೋರಿನ ಮೇಲೆ ಇಳಿಯುತ್ತೆ. ಆಮೇಲೆ ಒಂದೆರಡು ದಿನ ಸಣ್ಣ ಇನ್‌ಕ್ಯುಬೇಟರಿನಲ್ಲಿ ಬೆಚ್ಚಗೆ ಇಡಬೇಕು. ಬೆಚ್ಚಗೆ ಅಂದರೆ ಅವಕ್ಕೆ ಬೆಚ್ಚಗೆ, 56 ಡಿಗ್ರಿಯ ಆಸುಪಾಸು. ಸ್ಪೋರು ಸತ್ತಿದ್ದರೆ ನೇರಳೆ ನೇರಳೆಯಾಗೇ ಉಳಿಯುತ್ತೆ. ಬದುಕಿದ್ದರೆ ಹಳದಿ. ಜೊತೆಗೆ ಆಟೋಕ್ಲೇವಿಗೆ ಹಾಕದ ಇನ್ನೊಂದು ಟ್ಯೂಬು ಇಡಬೇಕು. ಅದು ಹಳದಿ ಆಗಲೇಬೇಕು, ಆಗದಿದ್ದರೆ ಟೆಸ್ಟೇ ಸರಿಯಿಲ್ಲ ಅಂತ ಅರ್ಥ.

ಬುಧವಾರ ಬೆಳಿಗ್ಗೆ ಅಕ್ಕ ಮುಚ್ಚಳ ತೆಗೆದು, "ಮೇಡಂ, ಎರಡೂ ಒಂದೇ ಬಣ್ಣ ಬಂದಿದೆ, ಒಳ್ಳೇದಲ್ವಾ?" ಅಂದರು.

ಎರಡೂ ಹಳದಿ. ಹಬ್ಬದ ಅರಿಶಿನದ ಹಾಗೆ.

ಒಂದು ಸಲ ಫೇಲ್ ಆದರೆ ಮತ್ತೊಂದು ಸಲ ಮಾಡಿ ನೋಡಬೇಕು ಅಂತ ನಿಯಮ. ಮತ್ತೆ ಮಾಡಿದೆ. ಮತ್ತೆ ಹಳದಿ. ಆ ಎರಡೂ ಸಲ ಟೇಪಿನ ಗೆರೆ ಮಾತ್ರ ಕಾಡಿಗೆಯ ಹಾಗೆ ಕಪ್ಪಾಗಿತ್ತು. ಒತ್ತಡದ ಮುಳ್ಳೂ 15 ಪೌಂಡಿನ ಮೇಲೆ ಅಲ್ಲಾಡದೇ ನಿಂತಿತ್ತು.

ಕ್ಲಿನಿಕ್ ಬಾಗಿಲಿಗೆ "ಎರಡು ದಿನ ರಜೆ" ಅಂತ ಬೋರ್ಡು ಹಾಕಿದೆ. ಪೌಚ್ ಮಾಡಿಟ್ಟಿದ್ದ ಎಲ್ಲಾ ಸಾಮಾನನ್ನೂ ಬಿಚ್ಚಿ, ಮಧುಗಿರಿಯಲ್ಲಿರುವ ಕ್ಲಾಸ್‌ಮೇಟಿನ ಕ್ಲಿನಿಕ್ಕಿಗೆ ಡಬ್ಬದಲ್ಲಿ ತುಂಬಿಸಿಕೊಂಡು ಹೊರಟೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ "ಏನಮ್ಮ, ಹೋಳಿಗೆನಾ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ.

ತುಮಕೂರಿನಿಂದ ಬಂದ ಸರ್ವಿಸ್ ಹುಡುಗ ಮಷೀನಿನ ಹಿಂಭಾಗ ಬಿಚ್ಚಿ, ಗಾಳಿ ಹೊರಹೋಗುವ ವಾಲ್ವನ್ನು ಕೈಯಲ್ಲಿ ಹಿಡಿದು ತೋರಿಸಿದ. ಬಿಳೀ ಸುಣ್ಣ. ಹಳೇ ಹಂಡೆಯ ತಳದಲ್ಲಿ ಕಟ್ಟುತ್ತಲ್ಲ, ಅದೇ. ತೂತು ಬಹುಪಾಲು ಮುಚ್ಚಿಹೋಗಿತ್ತು. "ಡಿಸ್ಟಿಲ್ಡ್ ವಾಟರ್ ಹಾಕಲ್ವಾ ಮೇಡಂ?" ಅಂದ. ಅಕ್ಕ ನನ್ನ ಮುಖ ನೋಡಿದರು. ಬೇಸಿಗೆಯಲ್ಲಿ ಡಿಸ್ಟಿಲ್ಡ್ ವಾಟರ್ ಮುಗಿದಾಗ "ಒಂದೆರಡು ದಿನ ಬೋರ್ ನೀರೇ ಹಾಕಿಬಿಡಿ" ಅಂತ ಹೇಳಿದ್ದು ನಾನೇ. ಒಂದೆರಡು ದಿನ ಎಷ್ಟು ವಾರ ಆಯಿತೋ. ಪಾವಗಡದ ಬೋರ್ ನೀರು ಅಂದರೆ ಗೊತ್ತಲ್ಲ. ಅದರ ಫ್ಲೋರೈಡಿನಿಂದ ಹಲ್ಲು ಕಂದಾದ ಮಕ್ಕಳು ವಾರಕ್ಕೆ ನಾಲ್ಕು ಜನ ನನ್ನ ಹತ್ತಿರ ಬರುತ್ತಾರೆ. ಅವರ ತಂದೆತಾಯಿಗೆ ನೀರಿನ ಬಗ್ಗೆ ಉಪದೇಶ ಮಾಡುವವಳೂ ನಾನೇ. ಸುಣ್ಣ ಕಟ್ಟುವುದು ಫ್ಲೋರೈಡ್ ಅಲ್ಲ, ನೀರಿನ ಗಡಸುತನ. ಆದರೆ ಬರುವುದು ಅದೇ ಬೋರಿನಿಂದ ತಾನೇ.

ಆ ವಾಲ್ವ್ ಕಟ್ಟಿಕೊಂಡರೆ ಏನಾಗುತ್ತೆ ಅಂತ ಅಕ್ಕನಿಗೆ ಹೇಳಬೇಕಿತ್ತು. ಒತ್ತಡ, ಉಷ್ಣತೆ ಅಂತ ಶುರು ಮಾಡಿದೆ, ಅವರು ಮಧ್ಯದಲ್ಲೇ ತಡೆದರು. "ಕುಕ್ಕರಿಗೆ ಆವಿ ಚೆನ್ನಾಗಿ ಬರೋಕೆ ಮುಂಚೆನೇ ವೆಯ್ಟ್ ಹಾಕಿದಂಗೆ, ಅಲ್ವಾ?" ಹೌದು. ಅಷ್ಟೇ. ಆವಿ ಗಾಳಿಗಿಂತ ಹಗುರ. ಅದು ಮೇಲೆ ತುಂಬಿಕೊಂಡು, ಗಾಳಿಯನ್ನು ಕೆಳಗಿನ ತೂತಿನಿಂದ ಹೊರಗೆ ದಬ್ಬಬೇಕು. ಗಾಳಿ ಒಳಗೇ ಉಳಿದರೆ ಮುಳ್ಳು 15 ಪೌಂಡ್ ತೋರಿಸುತ್ತೆ, ಆದರೆ ಆ ಒತ್ತಡದಲ್ಲಿ ಗಾಳಿಯ ಪಾಲೂ ಸೇರಿರುತ್ತೆ. ಪೂರ್ತಿ ಆವಿ ಇದ್ದರೆ 15 ಪೌಂಡಿಗೆ 121 ಡಿಗ್ರಿ. ಗಾಳಿ ಅರ್ಧದಷ್ಟು ಉಳಿದರೆ ಅದೇ 15 ಪೌಂಡಿಗೆ 112ರ ಆಸುಪಾಸು. ನನ್ನದು ಉಷ್ಣತೆಯ ಮೀಟರ್ ಇಲ್ಲದ ಹಳೇ ಮಾಡೆಲ್. ಮುಳ್ಳು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆ.

ಇನ್ನೊಂದು ತಪ್ಪೂ ಸಿಕ್ಕಿತು. ಪೌಚುಗಳನ್ನು ನಾವು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದರ ಮೇಲೊಂದು ಒಟ್ಟುತ್ತಿದ್ದೆವು. ಪೌಚಿನ ಒಂದು ಮೈ ಕಾಗದ, ಒಂದು ಮೈ ಪ್ಲಾಸ್ಟಿಕ್. ಆವಿ ಹೋಗುವುದು ಕಾಗದದಿಂದ. ಮೇಲೆ ಪ್ಲಾಸ್ಟಿಕ್ ಕೂತರೆ ದಾರಿ ಬಂದ್. ಈಗ ತಟ್ಟೆ ಸ್ಟ್ಯಾಂಡಿನ ಥರದ ಒಂದು ರ‍್ಯಾಕಿನಲ್ಲಿ ಅಂಚಿನ ಮೇಲೆ ನಿಲ್ಲಿಸುತ್ತೇವೆ, ನಡುವೆ ಬೆರಳು ಆಡುವಷ್ಟು ಜಾಗ ಬಿಟ್ಟು. ಕತ್ತರಿ, ಫೋರ್ಸೆಪ್ಸ್ ಬಾಯಿ ತೆರೆದೇ ಹಾಕುತ್ತೇವೆ. ಅದಕ್ಕೂ ಮೊದಲು ಉಜ್ಜಿ ತೊಳೆದು, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿ ತೆಗೆಯಬೇಕು. ಒಣಗಿದ ರಕ್ತದ ಕೆಳಗೆ ಆವಿ ಹೋಗಲ್ಲ. ಆ ತೊಟ್ಟಿಯನ್ನೂ ಪರೀಕ್ಷೆ ಮಾಡಬಹುದು ಗೊತ್ತಾ? ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ನೀರಿನಲ್ಲಿ ನೇತುಹಾಕಿ ಒಂದರೆಗಳಿಗೆ ಓಡಿಸಿದರೆ, ಇರುವೆ ಕಚ್ಚಿದ ಹಾಗೆ ಫಾಯಿಲ್ ತುಂಬಾ ಸಣ್ಣ ಸಣ್ಣ ಗುಳಿ ಬೀಳಬೇಕು. ಒಂದು ಮೂಲೆ ನುಣ್ಣಗೇ ಉಳಿದರೆ ಅಲ್ಲಿ ಕೆಲಸ ಆಗುತ್ತಿಲ್ಲ ಅಂತ. ನಮ್ಮದು ಪಾಸಾಯಿತು. ಆ ವಾರ ಪಾಸಾಗಿದ್ದು ಅದೊಂದೇ.

ಇನ್ನು ಕಷ್ಟದ ಭಾಗ. ಇದು ಎಷ್ಟು ದಿನದಿಂದ ನಡೆದಿತ್ತು? ಹೋದ ವಾರದ ಟೆಸ್ಟ್ ಇದ್ದಿದ್ದರೆ ಒಂದು ವಾರ ಅಂತ ಹೇಳಬಹುದಿತ್ತು. ನನ್ನ ಹತ್ತಿರ ಯಾವ ವಾರದ್ದೂ ಇರಲಿಲ್ಲ. ಕೊನೆಗೆ ಕಳೆದ ಸರ್ವಿಸ್ ಆದ ದಿನದಿಂದ ರಿಜಿಸ್ಟರ್ ತೆಗೆದು, ಹಲ್ಲು ಕಿತ್ತವರು, ರಕ್ತ ಬಂದ ಕೆಲಸ ಮಾಡಿಸಿಕೊಂಡವರು, ಎಲ್ಲರ ನಂಬರ್ ಬರೆದುಕೊಂಡೆ. ಸ್ಪೋರುಗಳಿಗೆ ಹೋಲಿಸಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಥರದ ವೈರಸ್‌ಗಳು ಬಹಳ ಮೆದು. ಉಜ್ಜಿ ತೊಳೆದು, ಅರ್ಧ ಗಂಟೆ ನೂರರ ಮೇಲಿನ ಬಿಸಿಯಲ್ಲಿ ಇಟ್ಟ ಸಾಮಾನಿನಲ್ಲಿ ಅವು ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಇಬ್ಬರಿಗೆ ಫೋನ್ ಮಾಡಿ "ಸುಮ್ನೆ ವಿಚಾರಿಸೋಣ ಅಂತ, ಬಾವು ಜ್ವರ ಏನೂ ಇಲ್ಲ ತಾನೇ?" ಅಂದೆ. ಮೂರನೆಯವರು ಹೂವಿನಂಗಡಿಯ ಅಮ್ಮ. "ಹಲ್ಲು ಕಿತ್ತು ತಿಂಗಳಾಯ್ತು, ಡಾಕ್ಟರಮ್ಮ ಸುಮ್ನೆ ಫೋನ್ ಮಾಡಲ್ಲ. ಏನಾಯ್ತು ಹೇಳು ತಾಯಿ" ಅಂದರು. ಹೇಳಿದೆ. ಆಮೇಲೆ ಎಲ್ಲರಿಗೂ ಹೇಳಿದೆ, ಮೊದಲ ಇಬ್ಬರಿಗೂ ಮತ್ತೆ ಮಾಡಿ. ರಕ್ತ ಪರೀಕ್ಷೆ ಬೇಕಾದರೆ ನನ್ನ ಖರ್ಚಿನಲ್ಲೇ ಮಾಡಿಸುತ್ತೇನೆ ಅಂದೆ. ಒಂಬತ್ತು ಜನ ಮಾಡಿಸಿದರು. ಎಲ್ಲಾ ನೆಗೆಟಿವ್. ಇಬ್ಬರು ಬೈದರು. ಒಬ್ಬರು ಮತ್ತೆ ಬಂದಿಲ್ಲ. ಹೂವಿನಮ್ಮ ಮಾತ್ರ ಮುಂದಿನ ಶುಕ್ರವಾರ ಒಂದು ಮೊಳ ಮಲ್ಲಿಗೆ ಕೊಟ್ಟು ಕಳಿಸಿದರು. ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ವಾಲ್ವ್ ಬದಲಾಯಿಸಿ, ಸುಣ್ಣ ಕೆರೆದು, ಪೌಚ್ ನಿಲ್ಲಿಸಿ ಇಟ್ಟು ಮತ್ತೆ ಟೆಸ್ಟ್ ಮಾಡಿದೆ. ನೇರಳೆ. ಹಾಗೇ ಬಿಡಬಹುದಿತ್ತು. ಆದರೆ ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸುಗಳ ಚಿಂತೆ ತಲೆಯಲ್ಲಿತ್ತು. ಒಳಗೆ ಟೊಳ್ಳು, ಸಣ್ಣ ಸಣ್ಣ ಕೊಳವೆ. ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗಿ ನಿಲ್ಲುವಾಗ ಬಾಯಿಯ ಎಂಜಲನ್ನು ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತೆ. ಆವಿ ತನ್ನ ಪಾಡಿಗೆ ಗಾಳಿಯನ್ನು ದಬ್ಬುವ ಮಷೀನಿಗೆ ಆ ಕೊಳವೆಯೊಳಗಿನ ಗಾಳಿ ತೆಗೆಯುವುದು ಕಷ್ಟ. ಪಂಪಿನಿಂದ ಗಾಳಿ ಎಳೆದು ಆಮೇಲೆ ಆವಿ ಬಿಡುವ ಬಿ ಕ್ಲಾಸ್ ಮಷೀನು ಬೇಕು. ಸಾಲ ಮಾಡಿ ತಂದಿದ್ದೇನೆ. ಕೋವಿಡ್ ಕಾಲದಲ್ಲಿ ಎಲ್ಲರ ಹಾಗೆ ಹೊಗೆ ಬಿಡುವ ಫಾಗರ್‌ಗೆ ದುಡ್ಡು ಸುರಿದಿದ್ದೆ, ಅದೀಗ ಸ್ಟೋರಿನಲ್ಲಿ ಧೂಳು ತಿನ್ನುತ್ತಿದೆ. ಆಗಲೇ ಇದನ್ನು ತಂದಿದ್ದರೆ ಇ‌ಎಂಐ ಇಷ್ಟೊತ್ತಿಗೆ ಮುಗಿದಿರುತ್ತಿತ್ತು.

ಆರು ವಾರದ ಮೇಲೆ ಮೇಷ್ಟ್ರು ಮತ್ತೆ ಬಂದರು. ವಸಡಿನ ಕೆಳಗೆ ಆಳವಾಗಿ ಕ್ಲೀನ್ ಮಾಡಿದ ಮೇಲೆ ಅಳತೆ ಮತ್ತೆ ತೆಗೆಯಲೇಬೇಕು. ಈ ಸಲ ಕೈ ಹಗುರ ಮಾಡಿ, ಯುಎನ್‌ಸಿ ಪ್ರೋಬ್ ಹಿಡಿದೆ. ಏಳು ಇದ್ದದ್ದು ನಾಲ್ಕಕ್ಕೆ ಬಂದಿತ್ತು. ಅದರಲ್ಲಿ ವಸಡು ವಾಸಿಯಾದದ್ದು ಎಷ್ಟು, ಹೋದ ಸಲ ನಾನು ಜಾಸ್ತಿ ಒತ್ತಿದ್ದೆಷ್ಟು ಅಂತ ಅವರಿಗೆ ಹೇಳಿದೆ: ಬಿಡಿಸಿ ಹೇಳೋಕಾಗಲ್ಲ ಸರ್. ಹೋದ ಸಲದ ಟೇಪಿನ ವಿಷಯವನ್ನೂ ಹೇಳಿದೆ, ನಿಮ್ಮ ಪೌಚೂ ಆ ಮಷೀನಿನದೇ ಅಂತ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಈಗ ಎಲ್ಲಿ ಬರೆದಿಡ್ತೀರಿ?" ಅಂದರು.

ಅಕ್ಕ ಉದ್ದನೆಯ ರಿಜಿಸ್ಟರ್ ತಂದು ಕೊಟ್ಟರು. ತಾರೀಖು, ಉಷ್ಣತೆ, ಒತ್ತಡ, ನಿಮಿಷ, ಸೋಮವಾರದ ಟ್ಯೂಬಿನ ಬಣ್ಣ, ಸಹಿ. ಬಣ್ಣದ ಕಾಲಮ್ಮಿನಲ್ಲಿ ಅಕ್ಕ "ನೇ" ಅಂತ ಬರೆದಿರುತ್ತಾರೆ. ಮೇಷ್ಟ್ರು ಬೆರಳು ಇಟ್ಟುಕೊಂಡು ಮೇಲಿನಿಂದ ಕೆಳಗೆ ಬಂದರು. ಒಂದು ಕಡೆ ಬೆರಳು ನಿಂತಿತು.

"ಈ ಸೋಮವಾರ ಖಾಲಿ ಇದೆಯಲ್ಲ?"

"ಅವತ್ತು ಕರೆಂಟ್ ಇರಲಿಲ್ಲ ಸರ್. ಕ್ಲಿನಿಕ್ಕೇ ತೆಗೀಲಿಲ್ಲ."

"ಹಂಗಂತ ಬರೀಬೇಕಲ್ವಾ ಅಲ್ಲಿ?" ಅಂತ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಕೆಂಪು ಇಂಕಿನದು.